ವಿಂಡೋಸ್ 7 ‘ಡಿಎಲ್‌ಎಲ್ ಕಾಣೆಯಾಗಿದೆ’ ಅಂದರೆ ಕಂಪ್ಯೂಟರನ್ನು ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಗೆ ಒಯ್ಯಲೇಬೇಕೇ?

ಡೊಂಬಿವಲಿಯಿಂದ ಲೋಕಲ್‌ನಲ್ಲಿ ಸಿಪಿಯು ಹೊತ್ತು ಹೊರಡಬೇಡಿ, ತಡೆಯಿರಿ. ಡಿಎಲ್‌ಎಲ್ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲು. ಮೊದಲು ಕಾಣೆಯಾದ ಫೈಲಿನ ಹೆಸರು ನೋಡಿ. ‘ಎಂಎಸ್‌ವಿಸಿಆರ್100’ ಅಂತಿದ್ದರೆ ಅದು ವಿಂಡೋಸಿನದ್ದೇ ಅಲ್ಲ, ವಿಷುಯಲ್ ಸಿ++ 2010ರದ್ದು. ಮೈಕ್ರೋಸಾಫ್ಟ್ ತಾಣದಿಂದ ಅದರ ‘ರಿಡಿಸ್ಟ್ರಿಬ್ಯೂಟಬಲ್’ ಪ್ಯಾಕೇಜ್ ಹಾಕಿಕೊಂಡರೆ ಸಾಕು. ಡಿಎಲ್‌ಎಲ್ ಪುಕ್ಕಟೆ ಹಂಚುವ ತಾಣಗಳ ಕಡೆ ತಲೆ ಹಾಕಬೇಡಿ, ವೈರಸ್ಸಿಗೆ ಮಣೆ ಹಾಕಿ ಕೂರಿಸಿದಂತೆ.

ನಿಜಕ್ಕೂ ಸಿಸ್ಟಮ್ ಫೈಲೇ ಕೆಟ್ಟಿದ್ದರೆ, ಫೋಟೊ-ಲೆಕ್ಕಪತ್ರ ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಫ್‌ಸಿ’, ಸ್ಪೇಸ್, ಓರೆಗೆರೆ, ‘ಸ್ಕ್ಯಾನ್‌ನೌ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಇದು ಸಿಸ್ಟಮ್ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಆಜ್ಞೆ. ಹಳೇ ಯಂತ್ರ, ನಿಧಾನ. ಮಧ್ಯೆ ಆಫ್ ಮಾಡಬೇಡಿ. ‘ಕೆಲವು ಫೈಲ್ ಸರಿಪಡಿಸಲಾಗಲಿಲ್ಲ’ ಅಂದರೆ ನನಗೆ ಹಾರ್ಡ್ ಡಿಸ್ಕ್ ಮೇಲೇ ಗುಮಾನಿ, ಅದನ್ನು ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಿ ನೋಡಿ. ವಿಂಡೋಸ್ 10ರವರು ಹೇಳುವ ದುರಸ್ತಿ ಆಜ್ಞೆ ಡಿಐಎಸ್‌ಎಂ ರಿಸ್ಟೋರ್‌ಹೆಲ್ತ್ 7ರಲ್ಲಿ ನಡೆಯುವುದಿಲ್ಲ.