ತೋಳಕ್ಕೆ ಹನ್ನೆರಡು ಪುಟ, ಹುಲಿಗೆ ಎರಡೂವರೆ

ಓದುಗರ ಪತ್ರ: “ಸಂಪಾದಕರೇ, ನಿಮ್ಮ ವನ್ಯಜೀವಿ ವಿಶೇಷ ಸಂಚಿಕೆ ನೋಡಿ ಬೇಸರವಾಯಿತು. ತೋಳ, ನರಿ, ಕತ್ತೆಕಿರುಬ, ಬಾವಲಿಗಳಿಗೆ ಹನ್ನೆರಡು ಪುಟ, ಹುಲಿಗೆ ಎರಡೂವರೆ! ಹುಲಿಯಲ್ಲಿ ನಮ್ಮ ರಾಜ್ಯ ದೇಶಕ್ಕೆ ಎರಡನೆಯದು, ಆನೆಯಲ್ಲಿ ಮೊದಲನೆಯದು. ಅದನ್ನು ಹೆಮ್ಮೆಯಿಂದ ಹೇಳುವುದು ಬಿಟ್ಟು ಊರಾಚೆಯ ನರಿಗಳ ಗೋಳು ಯಾಕೆ? ಆ ಬಯಲುಸೀಮೆಯ ಬಂಜರಿನಲ್ಲಿ ನಾಲ್ಕು ಗಿಡ ನೆಟ್ಟರೆ ಅವಕ್ಕೂ ಕಾಡು ಸಿಕ್ಕೀತು. ನಮ್ಮ ಹಿರಿಯ ನಾಗರಿಕರ ಬಳಗ ಈ ಮಳೆಗಾಲಕ್ಕೆ ಐನೂರು ಸಸಿ ಕೊಡಲು ತಯಾರಿದೆ.”
— ನಿವೃತ್ತ ಶಿಕ್ಷಕರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪುಟದ ಲೆಕ್ಕ ಸರಿಯಾಗಿದೆ. ನಾನೂ ಇನ್ನೊಮ್ಮೆ ಎಣಿಸಿದೆ. ಒಂದು ಜಾಹೀರಾತು ಬರದೇ ಹೋದದ್ದರಿಂದ ತೋಳಕ್ಕೆ ಇನ್ನೊಂದು ಕಾಲು ಪುಟ ಜಾಸ್ತಿಯೇ ಸಿಕ್ಕಿದೆ. ಅದನ್ನೂ ಸೇರಿಸಿ ಬೈಯಬಹುದು.

ಮೊದಲು ನಿಮ್ಮ ಪಾಲಿನದ್ದು ಹೇಳಿಬಿಡುತ್ತೇನೆ. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳು 563. ಮಧ್ಯಪ್ರದೇಶದ 785 ಬಿಟ್ಟರೆ ನಾವೇ. 2023ರಲ್ಲಿ ಆನೆ ಎಣಿಸಿದಾಗ 6,395 ಬಂತು. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ, ಹೀಗೆ ಹುಲಿಗೆಂದೇ ಐದು ಕಾಡು ಇವೆ. ಜಿಗಣೆ ಕಚ್ಚಿಸಿಕೊಂಡು, ಬೇಸಿಗೆಯಲ್ಲಿ ಬೆಂಕಿ ಆರಿಸಿ, ಆ ಲೆಕ್ಕವನ್ನು ಇಲ್ಲಿಗೆ ತಂದ ವಾಚರ್‌ಗಳಿಗೆ ಕೈ ಮುಗಿಯುತ್ತೇನೆ. ಹೆಮ್ಮೆ ಪಡಿ, ಧಾರಾಳವಾಗಿ ಪಡಿ. ಆಯ್ತಲ್ಲ? ಈಗ ನನ್ನ ಸರದಿ.

ಇಡೀ ದೇಶದಲ್ಲಿ ಹುಲಿ 3,682. ತೋಳ ಎಷ್ಟು ಗೊತ್ತಾ? ಸುಮಾರು 3,100 ಅಂತ ವಿಜ್ಞಾನಿಗಳ ಅಂದಾಜು. ಅಂದರೆ ಹುಲಿಗಿಂತ ತೋಳವೇ ಕಮ್ಮಿ. ಆ ಸಂಚಿಕೆಯ ಪ್ರೂಫ್ ನೋಡಿದವರು ಅಂಕಿ ಅದಲುಬದಲಾಗಿದೆ ಅಂತ ಪುಟವನ್ನು ಎರಡು ಸಲ ವಾಪಸ್ ಕಳಿಸಿದರು. ಅವರದೇನೂ ತಪ್ಪಿಲ್ಲ. ತೋಳ ಊರ ಪಕ್ಕದ ಪ್ರಾಣಿ, ಎಲ್ಲೋ ಬೇಕಾದಷ್ಟು ಇರುತ್ತೆ ಅನ್ನೋದು ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ಒಂದನೇ ಕ್ಲಾಸಿನಿಂದ ‘ತೋಳ ಬಂತು ತೋಳ’ ಕೇಳಿಕೊಂಡು ಬೆಳೆದವರು ನಾವು. ಹುಲಿಗಾದರೆ ನಮ್ಮ ಹಾಡಿನಲ್ಲಿ ಪಶ್ಚಾತ್ತಾಪ ಪಡುವ ದೊಡ್ಡ ಮನಸ್ಸು ಕೊಟ್ಟಿದ್ದೇವೆ. ತೋಳಕ್ಕೆ ಏನು ಕೊಟ್ಟೆವು? ಹಳ್ಳಕ್ಕೆ ಬಿದ್ದಾಗ ಆಳಿಗೊಂದು ಕಲ್ಲು.

ಇನ್ನೊಂದು ಪ್ರಶ್ನೆ. ನೀವು ಮೇಷ್ಟ್ರು, ನಾನು ನಿಮ್ಮನ್ನು ಕೇಳುತ್ತಿದ್ದೇನೆ ಅಂತ ಸಿಟ್ಟಾಗಬೇಡಿ. ನಮ್ಮ ರಾಜ್ಯದ ಅತಿ ಅಪರೂಪದ ಸಸ್ತನಿ ಯಾವುದು? ಹುಲಿ ಅಲ್ಲ, ಸಿಂಗಳೀಕವೂ ಅಲ್ಲ. ನನ್ನ ಪ್ರಕಾರ ಅದು ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿದೆ. ಬಂಡೆಗುಡ್ಡದ ಒಂದೇ ಒಂದು ಗವಿಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ. ಎಲೆಯಂಥ ಮೂಗಿನ ಪುಟ್ಟ ಬಾವಲಿ. ವಿಜ್ಞಾನದಲ್ಲಿ ಅದಕ್ಕೊಂದು ಹೆಸರು ಬಂದದ್ದೇ 1994ರಲ್ಲಿ. ಎಲ್ಲ ಸೇರಿ ಇನ್ನೂರರ ಒಳಗೆ. ಪ್ರಪಂಚದಲ್ಲಿ ಬೇರೆಲ್ಲೂ ಅದು ಇರುವುದು ತಿಳಿದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ಕೂರಿಸಿರುವುದು ಕೊನೆಯ ಮೆಟ್ಟಿಲಲ್ಲಿ. ಅದರಿಂದ ಜಾರಿದರೆ ಕಾಡಿನಿಂದ ಮಾಯ ಅಂತಲೇ ಬರೆಯಬೇಕು. ಅಂಥ ಗುಡ್ಡವನ್ನು ಗ್ರಾನೈಟ್‌ಗಾಗಿ ಒಡೆಯುತ್ತಿದ್ದರು, ಮೇಷ್ಟ್ರೇ. ಯಾರದೋ ಅಡುಗೆಮನೆ ಕಟ್ಟೆಗೆ.

ಬಾವಲಿ ಅಂದರೆ ಮೂಗು ಮುರಿಯುವುದು ಜನ ಮಾತ್ರ ಅಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲೇ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ‘ಪೀಡೆ’ ಅಂತ ಪಟ್ಟಿ ಮಾಡಿದ್ದರು. ಆ ಪಟ್ಟಿಯನ್ನು ಕಿತ್ತುಹಾಕಲು 2022ರ ತಿದ್ದುಪಡಿಯೇ ಬರಬೇಕಾಯಿತು. ಐವತ್ತು ವರ್ಷ!

ಸರಿ, ನಿಮ್ಮ ಐನೂರು ಸಸಿಗೆ ಬರುತ್ತೇನೆ. ಇಷ್ಟುದ್ದ ಉತ್ತರ ಬರೆಯಲು ಕೂತದ್ದೇ ಆ ಸಾಲಿಗೆ. ಉಳಿದದ್ದಕ್ಕಾದರೆ ‘ಪತ್ರಕ್ಕೆ ಧನ್ಯವಾದ’ ಅಂತ ಮುಗಿಸುತ್ತಿದ್ದೆ.

ತೋಳಕ್ಕೆ ಕಾಡು ಬೇಡ. ಚಿಗರಿಗೂ, ಅಂದರೆ ಕೃಷ್ಣಮೃಗಕ್ಕೂ, ಬೇಡ. ಅವಕ್ಕೆ ಬೇಕಾದದ್ದು ಬಯಲು: ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕಾರೆ ಪೊದೆ, ಮಣ್ಣು ಸಡಿಲವಿರುವ ಹಳ್ಳದ ದಂಡೆ. ಆ ದಂಡೆಯಲ್ಲೇ ತೋಳ ಬಿಲ ತೋಡಿ ಮರಿ ಹಾಕುತ್ತದೆ. ಚಿಗರಿ ಬದುಕುವುದು ಕಣ್ಣಿನ ಮೇಲೆ, ಕಾಲಿನ ಮೇಲೆ. ದೂರದಲ್ಲಿ ಬರುವವನನ್ನು ನೋಡಬೇಕು, ಅಡ್ಡಿಯಿಲ್ಲದೆ ಓಡಬೇಕು. ಅದರ ಸುತ್ತ ಮರ ನಿಲ್ಲಿಸಿದರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ನಾವು ಹುಬ್ಬಳ್ಳಿ–ಧಾರವಾಡದ ಎ.ಸಿ. ಬಸ್ಸಿಗೆ ‘ಚಿಗರಿ’ ಅಂತ ಹೆಸರಿಟ್ಟೆವು. ಬಸ್ಸಿಗೆ ಮಾತ್ರ ಅಡ್ಡಿಯಿಲ್ಲದ ಪ್ರತ್ಯೇಕ ದಾರಿ ಮಾಡಿಕೊಟ್ಟೆವು.

ರಾಣೆಬೆನ್ನೂರಿಗೆ ಒಮ್ಮೆ ಹೋಗಿ ಬನ್ನಿ. 1974ರಲ್ಲಿ ಮಾಡಿದ ಕೃಷ್ಣಮೃಗ ಧಾಮ, 119 ಚದರ ಕಿಲೋಮೀಟರ್. ಒಳಗೆ ಕಾಲಿಟ್ಟರೆ ದೊಡ್ಡ ಭಾಗ ನೀಲಗಿರಿ ತೋಪು. ಬಯಲ ಪ್ರಾಣಿಗೆ ಅಂತ ಬೇಲಿ ಹಾಕಿ, ಆಸ್ಟ್ರೇಲಿಯಾದ ಮರ ಬೆಳೆಸಿದ್ದೇವೆ. ಆ ಮರದ ಕೆಳಗೆ ಮೇವೆಲ್ಲಿ? ಚಿಗರಿ ಹೊಟ್ಟೆಪಾಡಿಗೆ ಪಕ್ಕದ ಹೊಲಕ್ಕೆ ಇಳಿಯುತ್ತವೆ. ಆಗ ತಾನೇ ಮೊಳಕೆ ಬಂದ ಬೆಳೆಯನ್ನು ಕಳೆದುಕೊಂಡ ರೈತ ಬೈಯುತ್ತಾನೆ. ಅವನು ಬೈಯುವುದರಲ್ಲಿ ನ್ಯಾಯ ಇದೆ, ಚಿಗರಿ ತಿನ್ನುವುದರಲ್ಲೂ ಇದೆ. ನೀಲಗಿರಿ ನೆಟ್ಟವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಕಳೆದ ಒಂದು ರಾತ್ರಿಯ ಮಾತು ಹೇಳುತ್ತೇನೆ. ಯಲಬುರ್ಗಾದ ಆಚೆ, ಜೋಳ ಕೊಯ್ದ ಎರೆಹೊಲ. ಕುರಿಗಾಹಿಗಳು ಗೊಬ್ಬರಕ್ಕೆಂದು ಅಲ್ಲಿ ಕುರಿ ತರುಬಿದ್ದರು. ಸುತ್ತ ಬಲೆ, ಬಲೆಯಾಚೆ ಎರಡು ನಾಯಿ. ಸಂಜೆ ಆರೂವರೆ ಇರಬೇಕು. ನಾಯಿಗಳು ಬೊಗಳಲಿಲ್ಲ, ಸುಮ್ನೆ ಎದ್ದು ನಿಂತವು. ಹಳ್ಳದ ಕಡೆಯಿಂದ ಬೂದು ಬಣ್ಣದ ಒಂದು ಪ್ರಾಣಿ ಬದುವಿನ ಮೇಲೆ ನಡೆದು ಬಂತು. ಓಡಲಿಲ್ಲ, ಅಡಗಲೂ ಇಲ್ಲ. ಮುಂದಿನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ನಮ್ಮನ್ನು ಒಂದು ಸಲ ನೋಡಿ, ನೆಲ ಮೂಸಿ, ಜೋಳದ ಕೂಳೆ ದಾಟಿ ಹೋಯಿತು. ನನ್ನ ಬಾಯಿ ಒಣಗಿತ್ತು. ಹಿರಿಯ ಕುರಿಗಾಹಿ ತಂಬಾಕು ತಿಕ್ಕುತ್ತಾ ಅಂದರು: “ಹ್ವಾದ ವರ್ಸ ಮೂರ್ ಮರಿ ಒಯ್ದಿತ್ರಿ ತ್ವಾಳ. ಈ ವರ್ಸ ಒಂದ. ವಯಸ್ಸಾಗೇತಿ ಕಾಣ್ತೈತಿ ಅದಕ್ಕ.” ಅವರ ದನಿಯಲ್ಲಿ ಇದ್ದದ್ದು ಕಾಳಜಿ, ಮೇಷ್ಟ್ರೇ. ಪಕ್ಕದ ಮನೆಯ ಅಜ್ಜನ ಮಂಡಿನೋವು ಕೇಳಿದ ಹಾಗೆ.

ಎಲ್ಲ ಕುರಿಗಾಹಿಗಳೂ ಹೀಗೇ ಇರುತ್ತಾರೆ ಅಂತ ನಾನು ಹೇಳುವುದಿಲ್ಲ. ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನು ಕೊಲ್ಲುವವರೂ ಇದ್ದಾರೆ. ಉತ್ತರ ಪ್ರದೇಶದ ಬಹ್ರೈಚ್‌ನಲ್ಲಿ 2024ರಲ್ಲಿ ತೋಳದ ಬಾಯಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಂದೆ ಈ ಕತೆ ಹೇಳುವ ಧೈರ್ಯವೂ ನನಗಿಲ್ಲ. ಆದರೆ ಊರೂರು ಅಲೆಯುವ ಕುರಿಗಾಹಿಯ ಮರಿ ಹೋದರೆ ಅವನು ಯಾವ ಊರಲ್ಲಿ ಪಂಚನಾಮೆ ಮಾಡಿಸಬೇಕು? ಮರುದಿನ ಬೆಳಿಗ್ಗೆ ಅವನ ಹಿಂಡು ಇನ್ನೊಂದು ತಾಲ್ಲೂಕಿನಲ್ಲಿ ಇರುತ್ತದೆ. ಆ ನಷ್ಟವನ್ನು ಅವನೇ ನುಂಗಿಕೊಂಡಿದ್ದಾನೆ. ನಮ್ಮ ತೋಳಗಳನ್ನು ಇಷ್ಟು ದಿನ ಸಾಕಿದ್ದು ಯಾವ ಇಲಾಖೆಯೂ ಅಲ್ಲ, ಕಂಬಳಿ ಹೊದ್ದ ಈ ಜನ.

ಇಲಾಖೆ ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ. ಮಧ್ಯಾಹ್ನ ಬಂಡೆಗೆ ಬೆಲ್ಲ ಮೆತ್ತುತ್ತಾರೆ, ಕರಡಿಗಳು ಗುಡ್ಡದಿಂದ ಇಳಿದು ನೆಕ್ಕುತ್ತವೆ. ನಾನು ಹೋದಾಗ ವೀಕ್ಷಣಾ ಗೋಪುರದಲ್ಲಿ ಒಂದು ಸಂಸಾರ ಇತ್ತು. ತಾಯಿ ಕರಡಿ ಬೆನ್ನ ಮೇಲೆ ಎರಡು ಮರಿ ಹೊತ್ತು ಬರುತ್ತಿತ್ತು. ಆ ಮನೆಯ ಯಜಮಾನರು ವಾಚರ್‌ನನ್ನು ಕೇಳಿದ್ದು: “ಹುಲಿ ಇಲ್ವಾ ಇಲ್ಲಿ?” ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳಿಗೆ ಬಿಟ್ಟುಕೊಟ್ಟರು. ಯಡಹಳ್ಳಿಯಲ್ಲಿ ಜಿಂಕೆಯಂಥ ಪುಟ್ಟ ಚಿಂಕಾರಕ್ಕೆ, ಮಧುಗಿರಿಯ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಕ್ಕೆ ಜಾಗ ಆಯಿತು. ಗಂಗಾವತಿಯ ಬಂಕಾಪುರದಲ್ಲಿ ತೋಳಕ್ಕೇ ಅಂತ ಧಾಮ ಬಂತು. ಸಂತೋಷ. ಆದರೆ ಅದು ಸುಮಾರು 800 ಎಕರೆ, ಅಂದರೆ ಮೂರು ಚದರ ಕಿಲೋಮೀಟರ್ ಚಿಲ್ಲರೆ. ಒಂದು ತೋಳದ ಹಿಂಡು ಓಡಾಡಲು ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಬೇಕು. ಮನೆಯಲ್ಲಿ ಬಾಣಂತಿ ಕೋಣೆ ಮಾತ್ರ ಕಟ್ಟಿಸಿ, ಅಡುಗೆಮನೆ ಊರವರ ಹೊಲದಲ್ಲಿ ಇಟ್ಟ ಹಾಗೆ.

ನನಗೆ ನಿಜವಾಗಿ ಕೋಪ ಬರುವುದು ‘ಬಂಜರು’ ಅನ್ನುವ ಮಾತಿಗೆ. ನಿಮ್ಮ ಪತ್ರದಲ್ಲೂ ಅದೇ ಇದೆ. ನಿಮ್ಮದೊಬ್ಬರದೇ ತಪ್ಪಲ್ಲ, ಕಂದಾಯ ದಾಖಲೆಯಲ್ಲಿ ‘ಖರಾಬು’, ದೆಹಲಿಯ ನಕ್ಷೆಯಲ್ಲಿ ‘ಪಾಳು’. ಹೆಸರಿಟ್ಟ ಮೇಲೆ ಕೊಡುವುದು ಸುಲಭ. ನಮ್ಮ ಹಿರಿಯರು ಹಾಗೆ ಕರೆಯಲಿಲ್ಲ. ಗೋಮಾಳ ಅಂದರು, ಹುಲ್ಲುಬನ್ನಿ ಅಂದರು, ಕಾವಲು ಅಂದರು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳು ಮೇಯುತ್ತಿದ್ದ ಹುಲ್ಲುಗಾವಲುಗಳು ಆಮೇಲೆ ಅಮೃತಮಹಲ್ ಕಾವಲುಗಳಾದವು. ನೀವು ಮೈಸೂರಿನವರು, ನಿಮಗೆ ಇದನ್ನು ಹೇಳಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಅಂಥ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹಂಚಿದರು. ದೇಶಕ್ಕೆ ಅವೂ ಬೇಕು, ಇಲ್ಲ ಅನ್ನೋಲ್ಲ. ಆದರೆ ಅಷ್ಟೇ ಜಾಗವನ್ನು ಪಶ್ಚಿಮ ಘಟ್ಟದಲ್ಲಿ ಕೇಳಿದ್ದರೆ ಬೆಂಗಳೂರಿನಲ್ಲಿ ಮೇಣದಬತ್ತಿ ಮೆರವಣಿಗೆ ಆಗುತ್ತಿತ್ತು. ಮರ ಇಲ್ಲದ ಕಡೆ ಅಳುವವರೂ ಇಲ್ಲ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತಾಗ ಇಡೀ ರಾಜ್ಯ ಮರುಗಿತು. ನಾನೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಯಲಲ್ಲಿ ಒಂದು ಬಿಲದ ಬಾಯಿ ಮುಚ್ಚಿದರೆ ಜಿಲ್ಲಾ ಪುಟದಲ್ಲೂ ಸುದ್ದಿಯಾಗುವುದಿಲ್ಲ. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದೆವು. ಒಳ್ಳೆಯದೇ. ಚೀತಾಕ್ಕೂ ಬೇಕಾದದ್ದು ಬಯಲೇ ಅಲ್ವಾ? ಇರುವ ಬಯಲನ್ನು ಪಾಳು ಅಂತ ಬರೆದಿಟ್ಟು, ಬಯಲಿನ ಪ್ರಾಣಿಯನ್ನು ಸಮುದ್ರದಾಚೆಯಿಂದ ತರಿಸುವ ಜನ ನಾವು.

ನಾನೇನು ಸಾಚಾ ಅಲ್ಲ. ಎಂಬತ್ತರ ದಶಕದಲ್ಲಿ ನಾನು ಓದಿದ ಶಾಲೆಯಲ್ಲೂ ವನಮಹೋತ್ಸವ ಆಗುತ್ತಿತ್ತು. ನಮ್ಮನ್ನು ಸಾಲಾಗಿ ಊರ ಗೋಮಾಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ತಲೆಗೆರಡು ನೀಲಗಿರಿ ಸಸಿ, ಆಮೇಲೆ ಬೂಂದಿ ಪೊಟ್ಟಣ. ಆ ಗೋಮಾಳದ ಮೂಲೆಯಲ್ಲಿ ನರಿಬಿಲ ಇತ್ತು. ಬಿಲದ ಮುಂದೆ ಏಡಿ ಚಿಪ್ಪು, ಬೋರೆಹಣ್ಣಿನ ಬೀಜ ಬಿದ್ದಿರುತ್ತಿದ್ದವು. ರಾತ್ರಿ ಊಳಿಡುವುದು ಮನೆಯವರೆಗೂ ಕೇಳುತ್ತಿತ್ತು. ನಾನು ಪಿಯುಸಿಗೆ ಬರುವ ಹೊತ್ತಿಗೆ ಮರ ನನ್ನೆರಡರಷ್ಟು ಎತ್ತರ ಆಗಿತ್ತು, ಊಳು ನಿಂತಿತ್ತು. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯಲು ನನಗೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ನಿಮ್ಮ ಐನೂರು ಸಸಿ ಬೇಡ ಅನ್ನುವುದಿಲ್ಲ. ನಿಮ್ಮ ಬಡಾವಣೆಯ ರಸ್ತೆ ಬದಿಗೆ ಹೊಂಗೆ, ಬೇವು ನೆಡಿ. ಕೆರೆ ಏರಿಯ ಕೆಳಗೆ ಜಾಗ ಇದ್ದರೆ ಅತ್ತಿ ಇಡಿ, ಬಾವಲಿ ಬಂದು ಆಶೀರ್ವಾದ ಮಾಡುತ್ತದೆ. ಬಯಲಿಗೆ ಮಾತ್ರ ತರಬೇಡಿ. ಅದರ ಬದಲು ಚಳಿಗಾಲದಲ್ಲಿ ನಿಮ್ಮ ಬಳಗವನ್ನೇ ಕರೆದುಕೊಂಡು ಕೊಪ್ಪಳಕ್ಕೆ ಬನ್ನಿ. ಟೋಪಿ, ನೀರಿನ ಬಾಟಲಿ ಸಾಕು. ತೋಳ ಕಾಣುವ ಗ್ಯಾರಂಟಿ ಕೊಡಲಾರೆ, ರೊಟ್ಟಿ, ಪುಂಡಿಪಲ್ಯದ ಗ್ಯಾರಂಟಿ ಕೊಡುತ್ತೇನೆ. ಹುಲಿಗೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿದ್ದೇನೆ, ಅದೂ ಬಣ್ಣದಲ್ಲಿ.

ಮೊನ್ನೆ ಊರಿಗೆ ಹೋದಾಗ ಆ ಗೋಮಾಳಕ್ಕೆ ಹೋಗಿದ್ದೆ. ನೀಲಗಿರಿ ಕಡಿದು ಮಾರಿದ್ದಾರೆ. ಬುಡಗಳು ಹಾಗೇ ಇವೆ, ಒಂದೊಂದರಲ್ಲೂ ನಾಲ್ಕೈದು ಕವಲು ಮತ್ತೆ ಚಿಗುರಿವೆ. ನಾನು ನೆಟ್ಟ ಎರಡು ಯಾವುವು ಅಂತ ಹುಡುಕಿದೆ, ಗೊತ್ತಾಗಲಿಲ್ಲ.

— ಸಂ.