ಲಂಡನ್ನಿನಲ್ಲಿ ಆಸ್ತಿ ವ್ಯಾಜ್ಯದ ಬ್ಯಾರಿಸ್ಟರ್ ಕೆಲಸ: ಧಾರವಾಡದ ವಕೀಲರೊಬ್ಬರಿಗೆ ಉತ್ತರ

ನಮಸ್ಕಾರ. ಧಾರವಾಡದ ಸಿವಿಲ್ ನ್ಯಾಯಾಲಯದಲ್ಲಿ ಆರು ವರ್ಷ ವಕಾಲತ್ತು ಮಾಡಿದ್ದೀರಿ, ಆಸ್ತಿ ದಾವೆಗಳಲ್ಲಿ ಕೈ ಪಳಗಿದೆ. ಲಂಡನ್ನಿಗೆ ಬಂದು ಬ್ಯಾರಿಸ್ಟರ್ ಆಗಿ ಇದೇ ಕೆಲಸ ಮುಂದುವರಿಸಬಹುದೇ, ದಿನವೂ ವಾದಿಸಲು ಸಿಗುತ್ತದೆಯೇ, ಸಂಪಾದನೆ ಹೇಗೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಬಂದವರು ನಿರಾಶರಾಗುವುದು ಅಲ್ಲಿಯೇ. ದಿನವೂ ವಾದಿಸಲು ಸಿಗುವುದಿಲ್ಲ. ಕ್ರಿಮಿನಲ್ ವಕೀಲರಿಗೆ ಸಿಗಬಹುದು. ವಾಣಿಜ್ಯ ಮತ್ತು ಆಸ್ತಿ ಕಾನೂನಿನ ನಮ್ಮಂಥವರು ವಾರಗಟ್ಟಲೆ ಕಾಗದದ ಜೊತೆಗೇ ಇರುತ್ತೇವೆ. ನಮ್ಮಿಂದ ಮುಖ್ಯವಾಗಿ ಕೊಳ್ಳುವುದು ಬರೆದುಕೊಟ್ಟ ಅಭಿಪ್ರಾಯವನ್ನು.

ಇಲ್ಲಿ ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್, ಅಂದರೆ ಕಕ್ಷಿದಾರರೊಡನೆ ನೇರವಾಗಿ ವ್ಯವಹರಿಸುವ ವಕೀಲರ ಹತ್ತಿರ. ನೋಟಿಸು, ಪತ್ರವ್ಯವಹಾರ, ದಾಖಲೆ ಕಲೆಹಾಕುವುದು, ಕಕ್ಷಿದಾರನ ಕೋಪ ತಾಪ ಎಲ್ಲ ಅವರ ಪಾಲಿಗೆ. ದಾವೆ ನಿಲ್ಲುತ್ತದೆಯೇ, ಎಷ್ಟಕ್ಕೆ ರಾಜಿ ಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಕಡತ ನಮ್ಮ ಮೇಜಿಗೆ ಬರುತ್ತದೆ. ಸೋತವರು ಗೆದ್ದವರ ವಕೀಲರ ಖರ್ಚಿನ ಬಹುಪಾಲನ್ನು ನಿಜವಾಗಿಯೂ ಕೊಡಬೇಕಾದ ದೇಶ ಇದು. ನಮ್ಮ ಕಡೆಯಂತೆ ಡಿಕ್ರಿಯ ಕೊನೆಗೆ ಬರೆಯುವ ಶಾಸ್ತ್ರದ ಮೊತ್ತವಲ್ಲ. ಅದರ ಮೇಲೆ, ಎದುರಾಳಿಯ ರಾಜಿ ಪ್ರಸ್ತಾಪವನ್ನು ನಿಯಮದಂತೆ ಲಿಖಿತವಾಗಿ ಪಡೆದು ತಿರಸ್ಕರಿಸಿ, ಆಮೇಲೆ ಅದಕ್ಕಿಂತ ಹೆಚ್ಚೇನೂ ಸಿಗದಿದ್ದರೆ ದಂಡದಂತೆ ಇನ್ನಷ್ಟು ಖರ್ಚು ಬೀಳುತ್ತದೆ. ಆದ್ದರಿಂದ ‘ನೀವು ಸೋಲುತ್ತೀರಿ’ ಎಂದು ಸಕಾಲದಲ್ಲಿ, ಕಾರಣ ಸಮೇತ ಬರೆದುಕೊಡುವವನಿಗೆ ಇಲ್ಲಿ ಬೆಲೆ. ಧಾರವಾಡದಲ್ಲಿ ಹಾಗೆ ಹೇಳಿದರೆ ಕಕ್ಷಿದಾರ ಪಕ್ಕದ ವಕೀಲರ ಬಳಿ ಹೋಗುತ್ತಾನೆ. ಇಲ್ಲಿ ಸಾಲಿಸಿಟರ್ ಮುಂದಿನ ಕಡತವನ್ನೂ ನಿಮಗೇ ಕಳುಹಿಸುತ್ತಾರೆ.

ಆಸ್ತಿ ಕಾನೂನು ನಿಮಗೆ ಗೊತ್ತಿರುವುದು ನಿಜ, ಆದರೆ ಹಕ್ಕುಪತ್ರದ ಜಗಳ ಇಲ್ಲಿ ಬೇರೆಯ ರೂಪದಲ್ಲಿ ಬರುತ್ತದೆ. ಪಹಣಿ, ಖಾತೆ, ಮ್ಯುಟೇಷನ್ ಎಲ್ಲ ಇದ್ದರೂ ಹಕ್ಕನ್ನು ಬೇರೆಯಾಗಿ ಸಾಬೀತು ಮಾಡಬೇಕಾದ ಕಷ್ಟ ನಿಮಗೆ ಬಾಯಿಪಾಠ. ಇಂಗ್ಲೆಂಡಿನಲ್ಲಿ ನೋಂದಣಿಯಾದ ಜಮೀನಿಗೆ ಸರ್ಕಾರಿ ದಾಖಲೆಯೇ ಹಕ್ಕು. ಅದರಲ್ಲಿ ತಪ್ಪಾಗಿ ನಷ್ಟವಾದರೆ ಪರಿಹಾರವೂ ಉಂಟು. 7 ಪೌಂಡ್ ಕಟ್ಟಿ ಯಾರ ಮನೆಯ ದಾಖಲೆಯನ್ನಾದರೂ ಯಾರು ಬೇಕಾದರೂ ಆನ್‌ಲೈನಿನಲ್ಲಿ ಪಡೆಯಬಹುದು. ಮೂವತ್ತು ವರ್ಷದ ಋಣಭಾರ ಪತ್ರಕ್ಕಾಗಿ ಉಪನೋಂದಣಿ ಕಚೇರಿಗೆ ಅಲೆದವರಿಗೆ ಇದು ಸ್ವರ್ಗವೆಂದು ಕಾಣುತ್ತದೆ, ಚೆಕ್ಕುಬಂದಿಯ ತಕರಾರು ಎದುರಾಗುವವರೆಗೆ.

ದಾಖಲೆಯ ಜೊತೆಗಿನ ನಕ್ಷೆ ಪಟ್ಟಣಗಳಲ್ಲಿ ಸಾಮಾನ್ಯವಾಗಿ 1:1250 ಪ್ರಮಾಣದ್ದು. ಆಸ್ತಿಯ ಸುತ್ತ ಎಳೆದ ಕೆಂಪು ಗೆರೆಯ ದಪ್ಪ ಒಂದು ಮಿಲಿಮೀಟರ್ ಎಂದುಕೊಳ್ಳಿ. ನೆಲದ ಮೇಲೆ ಅದು ಒಂದೂಕಾಲು ಮೀಟರ್ ಆಯಿತು. ಈ ಗೆರೆ ಸ್ಥೂಲವಾದ ಗಡಿ ಮಾತ್ರ, ನಿಖರ ಗಡಿಯಲ್ಲ ಎಂದು 2002ರ ಭೂನೋಂದಣಿ ಕಾಯಿದೆಯೇ ಹೇಳುತ್ತದೆ. ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಿಕೊಳ್ಳಲು ಸರ್ವೆ ಇಲಾಖೆಯ ಭೂಮಾಪಕ ಇಲ್ಲಿ ಬರುವುದಿಲ್ಲ. ಪಕ್ಷಗಾರರೇ ತಜ್ಞರನ್ನು ನೇಮಿಸಿಕೊಳ್ಳಬೇಕು. ಆಗ ಆ ಎರಡು ನಿವೇಶನಗಳು ಮೊದಲು ಬೇರೆಯಾದ ಕಾಲದ ಕ್ರಯಪತ್ರ, ಅದರ ನಕ್ಷೆಯಲ್ಲಿ ಬೇಲಿ ಯಾರದೆಂದು ತೋರಿಸುವ ‘ಟಿ’ ಗುರುತು, ಹಳೆಯ ವೈಮಾನಿಕ ಚಿತ್ರ, ಮಕ್ಕಳ ಹುಟ್ಟುಹಬ್ಬದ ಫೋಟೋದ ಹಿನ್ನೆಲೆಯಲ್ಲಿ ಕಾಣುವ ಬೇಲಿ, ಎಲ್ಲವೂ ಸಾಕ್ಷ್ಯ. ಕೆಂಟ್ ಕಡೆಯ ನನ್ನದೊಂದು ಕೇಸಿನಲ್ಲಿ ನ್ಯಾಯಾಧೀಶರು ಸ್ಥಳ ಪರಿಶೀಲನೆಗೆ ಖುದ್ದು ಬಂದರು. ಎರಡೂ ಕಡೆಯ ಭೂಮಾಪಕರು ಟೇಪು ಹಿಡಿದು ನಿಂತಿದ್ದರು. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಐವಿ ಬಳ್ಳಿ ಸರಿಸಿದಾಗ ಹಳೆಯ ಬೇಲಿಯ ಓಕ್ ಕಂಬದ ಕೊಳೆತ ಬುಡ ಸಿಕ್ಕಿತು. ಜಗಳವಿದ್ದದ್ದು ತಳ್ಳುಗಾಡಿಯೊಂದು ಹಾಯುವಷ್ಟು ಜಾಗಕ್ಕೆ. ಎರಡೂ ಕಡೆಯ ಖರ್ಚು ಕೂಡಿಸಿದರೆ ಅಂಥ ನೂರು ಪಟ್ಟಿ ಕೊಳ್ಳಬಹುದಿತ್ತು. ಬಾಂದು ಕಲ್ಲಿನ ಜಗಳ ನೋಡಿ ಬೆಳೆದ ನಿಮಗೆ ಇವರು ಅಪರಿಚಿತರಲ್ಲ.

ಇಂಥ ಕೇಸುಗಳು ಮಾತಿಗೆ ಚೆನ್ನ, ಅನ್ನ ಕೊಡುವುದು ಗುತ್ತಿಗೆ (ಲೀಸ್) ವ್ಯಾಜ್ಯ. ಇಲ್ಲಿನ ಫ್ಲ್ಯಾಟುಗಳು ಹೆಚ್ಚಾಗಿ 99 ಅಥವಾ 125 ವರ್ಷದಂಥ ದೀರ್ಘ ಗುತ್ತಿಗೆಯವು. ನಿರ್ವಹಣಾ ಶುಲ್ಕದ ಮೇಲೆ ನಿತ್ಯ ತಕರಾರು. ಅಂಗಡಿ, ಹೋಟೆಲುಗಳದು ಇನ್ನೊಂದು ಬಗೆ. 1954ರ ಮಾಲೀಕ-ಬಾಡಿಗೆದಾರ ಕಾಯಿದೆಯ ರಕ್ಷಣೆಯಿರುವ ವ್ಯಾಪಾರಿ ಬಾಡಿಗೆದಾರ ಅವಧಿ ಮುಗಿದರೂ ಹೊಸ ಗುತ್ತಿಗೆ ಕೇಳಬಹುದು. ಕಟ್ಟಡ ಕೆಡವಿ ಕಟ್ಟುತ್ತೇನೆ ಎಂಬಂಥ ಕೆಲವೇ ಕಾರಣಗಳ ಮೇಲೆ ಮಾಲೀಕ ನಿರಾಕರಿಸಬಹುದು. ಲಂಡನ್ನಿನ ಹೋಟೆಲೊಂದು ತನ್ನ ಕಟ್ಟಡದಲ್ಲಿದ್ದ ಪುರಾತನ ಜವಳಿಯ ವ್ಯಾಪಾರಿಯನ್ನು ಬಿಡಿಸಲೆಂದೇ ಕಾಮಗಾರಿಯ ಯೋಜನೆಯೊಂದನ್ನು ಹೊಸೆದಿತ್ತು. ಆತ ತಾನಾಗಿ ಹೋದರೆ ಮಾಡದಿರುವ ಕಾಮಗಾರಿ ಲೆಕ್ಕಕ್ಕಿಲ್ಲ ಎಂದಿತು 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್. ಬಾಡಿಗೆದಾರರನ್ನು ಎಬ್ಬಿಸುವ ಜಾಣತನ ಊರೂರಿಗೂ ಒಂದೇ ನೋಡಿ.

ನಮ್ಮವರ ಕೇಸುಗಳೂ ಬರುತ್ತವೆ, ಅವು ನೋವಿನವು. ಬ್ಯಾಂಕಿಗೆ ತೋರಿಸಲು ಸಂಬಳದ ಚೀಟಿ ಅಣ್ಣನದ್ದು, ಆದ್ದರಿಂದ ಲಂಡನ್ನಿನ ಹ್ಯಾರೋದಲ್ಲಿನ ಮನೆ ಅಣ್ಣನ ಹೆಸರಿಗೆ. ಮುಂಗಡದ ಹಣ ಊರಿನ ತೋಟ ಮಾರಿ ಅಪ್ಪ ಕಳುಹಿಸಿದ್ದು. ಕಂತಿಗೆ ತಮ್ಮನೂ ಕೊಟ್ಟಿದ್ದಾನೆ. ಕಾಗದ ಒಂದೂ ಇಲ್ಲ. ಅವಿಭಕ್ತ ಕುಟುಂಬದ ಆಸ್ತಿ ಎಂಬ ನಮ್ಮ ವಾದ ಇಲ್ಲಿ ನಡೆಯುವುದಿಲ್ಲ. ಯಾರು ಎಷ್ಟು ಕೊಟ್ಟರು, ಏನೆಂದು ಒಪ್ಪಿಕೊಂಡಿದ್ದರು ಎಂಬುದನ್ನು ನ್ಯಾಯಾಲಯ ಹಳೆಯ ವಾಟ್ಸಾಪ್ ಸಂದೇಶಗಳಿಂದ ಹೆಕ್ಕಬೇಕಾಗುತ್ತದೆ. ಕೊಳ್ಳುವಾಗಲೇ ಪಾಲು ನಮೂದಿಸಿ ಒಂದು ಟ್ರಸ್ಟ್ ಪತ್ರ ಬರೆಸಿದ್ದರೆ ಈ ಕೇಸೇ ಇರುತ್ತಿರಲಿಲ್ಲ. ಜೊತೆಗೆ ಬೆಂಗಳೂರಿನ ಸೈಟನ್ನೂ ಇಲ್ಲೇ ಪಾಲು ಮಾಡಿಸಿ ಎನ್ನುತ್ತಾರೆ. ಪರದೇಶದ ಜಮೀನಿನ ಹಕ್ಕನ್ನು ಇಲ್ಲಿನ ನ್ಯಾಯಾಲಯಗಳು ತೀರ್ಮಾನಿಸುವುದಿಲ್ಲ ಎಂಬುದು ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1893ರಲ್ಲೇ ಖಚಿತಪಡಿಸಿದ ನಿಯಮ.

ವಿಚಾರಣೆಗೆ ಬಂದರೆ, ಫೆಟರ್ ಲೇನಿನ ರೋಲ್ಸ್ ಕಟ್ಟಡದಲ್ಲಿ ವಾಣಿಜ್ಯ ಮತ್ತು ಆಸ್ತಿಯ ದೊಡ್ಡ ಕೇಸುಗಳು ನಡೆಯುತ್ತವೆ. ವಾಯಿದೆಯ ಆಸೆ ಬಿಟ್ಟುಬಿಡಿ; ತಿಂಗಳುಗಳ ಮೊದಲೇ ನಿಗದಿಯಾದ ದಿನ ಕೇಸು ನಡೆಯುತ್ತದೆ ಎಂದೇ ತಯಾರಾಗಬೇಕು. ವಾದದ ಸಾರಾಂಶವನ್ನು ಮುಂಚೆಯೇ ಕೊಟ್ಟಿರುತ್ತೀರಿ, ನ್ಯಾಯಾಧೀಶರು ಓದಿಕೊಂಡು ಬಂದಿರುತ್ತಾರೆ, ಎದ್ದು ನಿಂತ ಕೂಡಲೇ ನಿಮ್ಮ ದುರ್ಬಲ ಅಂಶಕ್ಕೇ ಕೈ ಹಾಕುತ್ತಾರೆ. ಸಾಕ್ಷಿಗೆ ತಾಲೀಮು ಕೊಡುವುದು ನಿಷಿದ್ಧ. ‘ಇದನ್ನು ಕೇಳಿದರೆ ಹೀಗೆ ಹೇಳಿ’ ಎಂಬ ಒಂದು ಮಾತಿಗೆ ವೃತ್ತಿಯೇ ಹೋಗಬಹುದು. ನಿಮ್ಮ ಪಾಟೀಸವಾಲಿನ ಅನುಭವ ಮಾತ್ರ ಚಿನ್ನ. ನಿಮ್ಮ ವಯಸ್ಸಿನ ಇಲ್ಲಿನವರು ಅಷ್ಟು ಸಾಕ್ಷಿಗಳನ್ನು ಕಂಡಿರುವುದಿಲ್ಲ. ಉಚ್ಚಾರದ ಚಿಂತೆ ಬೇಡ, ನಿಧಾನವಾಗಿ ಮಾತನಾಡಿದರೆ ಸಾಕು. ವಿಗ್ಗಿನ ಕನಸಿದ್ದರೆ ಅದೂ ಕಡಿಮೆ. ಸಿವಿಲ್ ಕೇಸುಗಳಲ್ಲಿ ನ್ಯಾಯಾಧೀಶರೇ 2008ರಲ್ಲಿ ತೆಗೆದಿಟ್ಟರು.

ಸಂಪಾದನೆ ಏರುಪೇರು. ಚೇಂಬರ್ಸ್ ಎಂದರೆ ಸಂಸ್ಥೆಯಲ್ಲ. ಸ್ವಂತ ವೃತ್ತಿಯವರು ಹಲವರು ಸೇರಿ ಬಾಡಿಗೆ ಮತ್ತು ಸಿಬ್ಬಂದಿಯ ಖರ್ಚು ಹಂಚಿಕೊಳ್ಳುವ ಜಾಗ. ರಜೆಗೆ, ಕಾಯಿಲೆಗೆ ಸಂಬಳವಿಲ್ಲ. ಅಲ್ಲಿನ ಕ್ಲರ್ಕ್ ನಿಮ್ಮ ಕಡತ ಹೊರುವ ಗುಮಾಸ್ತನಲ್ಲ. ಶುಲ್ಕ ಕುದುರಿಸುವವರು, ಯಾವ ಕೇಸು ಯಾರಿಗೆ ಎಂದು ಸೂಚಿಸುವವರು ಅವರೇ, ಅವರೊಡನೆ ವಿರಸ ಬೇಡ. ಮಾಡಿದ ಕೆಲಸದ ಹಣ ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ, ತೆರಿಗೆ ಮಾತ್ರ ಜನವರಿ 31ಕ್ಕೆ ತಪ್ಪದೆ ಕಟ್ಟಬೇಕು. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಅಂದೇ ಬೇರೆ ಖಾತೆಗೆ ಹಾಕುವುದು ಒಳ್ಳೆಯದು.

ಇನ್ನು ಪ್ರವೇಶ. ನಿಮ್ಮ ಸನ್ನದು, ಅನುಭವದ ದಾಖಲೆಗಳೊಡನೆ ಬ್ಯಾರಿಸ್ಟರುಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿಗೆ ಅರ್ಜಿ ಹಾಕಿ. ಯಾವ ಪರೀಕ್ಷೆ ಬರೆಯಬೇಕು, ಯಾವುದರಿಂದ ವಿನಾಯಿತಿ ಎಂದು ಅವರು ಹೇಳುತ್ತಾರೆ. ಇನ್ ಎಂದು ಕರೆಯುವ, ಬ್ಯಾರಿಸ್ಟರುಗಳ ನಾಲ್ಕು ಹಳೆಯ ಸಂಘಗಳಲ್ಲಿ ಒಂದಕ್ಕೆ ಸೇರಬೇಕು. ಗಾಂಧೀಜಿಯವರು ಇನ್ನರ್ ಟೆಂಪಲ್ಲಿನಿಂದ 1891ರಲ್ಲಿ ಬ್ಯಾರಿಸ್ಟರ್ ಆದವರು, ನಮ್ಮ ಆಸ್ತಿ ವಕೀಲರಲ್ಲಿ ಅನೇಕರು ಲಿಂಕನ್ಸ್ ಇನ್‌ನವರು. ಕಷ್ಟದ ಬಾಗಿಲು ಪ್ಯೂಪಿಲೇಜ್, ಅಂದರೆ ಸಾಮಾನ್ಯವಾಗಿ ಒಂದು ವರ್ಷದ ತರಬೇತಿ: ಮೊದಲ ಆರು ತಿಂಗಳು ಹಿರಿಯರ ಹಿಂದೆ, ಉಳಿದ ಆರು ಸ್ವಂತ ಕೇಸು. ಸ್ಥಾನ ಕಡಿಮೆ, ಅರ್ಜಿ ವಿಪರೀತ. ಅದು ಕೈಗೆ ಸಿಗುವ ಮೊದಲು ಸಾಲ ಮಾಡಿ ವಿಮಾನ ಹತ್ತುವುದನ್ನು ನಾನು ಒಪ್ಪುವುದಿಲ್ಲ. ವೀಸಾ ವಿಷಯವನ್ನೂ ಆ ಕಾನೂನಿನ ವಕೀಲರಲ್ಲಿ ಮೊದಲೇ ಕೇಳಿ, ಸ್ವಂತ ವೃತ್ತಿಯವನಿಗೆ ಸಂಬಳ ಕೊಡುವ ಯಜಮಾನ ಇರುವುದಿಲ್ಲ. ಕಕ್ಷಿದಾರರ ಒಡನಾಟ, ತಿಂಗಳ ಸಂಬಳ ಬೇಕೆನಿಸಿದರೆ ಸಾಲಿಸಿಟರ್ ಪರೀಕ್ಷೆ ಬರೆಯಿರಿ, ಅದು ಕಡಿಮೆ ದರ್ಜೆಯ ದಾರಿಯೇನಲ್ಲ.

ಅರ್ಜಿಯಲ್ಲಿ ಧಾರವಾಡದ ಕೆಲಸವನ್ನು ಒಂದು ಸಾಲಿಗೆ ಇಳಿಸಬೇಡಿ. ಇಲ್ಲಿನ ಹೈಕೋರ್ಟಿನ ಹಣದ ಡಿಕ್ರಿಯನ್ನು ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಅಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಹುದು. ಕಲಮು ಎಲ್ಲರಿಗೂ ಓದಲು ಸಿಗುತ್ತದೆ. ಅಮಲ್ಜಾರಿ ಅರ್ಜಿ ಎಲ್ಲೆಲ್ಲಿ ಸಿಕ್ಕಿಬೀಳುತ್ತದೆ ಎಂದು ಕಂಡವರು ಇಲ್ಲಿ ಬೆರಳೆಣಿಕೆಯಷ್ಟು. ಅಂಥ ಒಂದು ಅರ್ಜಿಯನ್ನು ನೀವು ಹೇಗೆ ನಡೆಸಿದಿರಿ ಎಂದು ಎರಡು ಪುಟ ಬರೆದು, ಹೆಸರುಗಳನ್ನು ತೆಗೆದು ನನಗೆ ಕಳುಹಿಸಿ, ಓದಿ ತಿದ್ದಿ ಕೊಡುತ್ತೇನೆ.