ಎಂಟು ಕಿಲೋಮೀಟರಿನ ಅಂತರ

ಮಾನ್ಯ ಓದುಗರೇ,

ಗದಗದಿಂದ ತಾವು ಬರೆದ ಪತ್ರ ತಲುಪಿದೆ. 2018ರ ಅಕ್ಟೋಬರ್ 10ರಂದು ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದ ‘ಮೈಕಲ್’ ಚಂಡಮಾರುತವನ್ನು ಕಳೆದ ಸಂಚಿಕೆಯಲ್ಲಿ ನಾವು ಐದನೆಯ ಶ್ರೇಣಿಯದೆಂದು ಬರೆದಿದ್ದೆವು. ಆಗಿನ ಪತ್ರಿಕೆಗಳು ನಾಲ್ಕನೆಯ ಶ್ರೇಣಿ ಎಂದಿದ್ದವು; ಗಾಳಿ ನಿಂತು ಆರು ತಿಂಗಳಾದ ಮೇಲೆ ಅಂಕಿ ಏರಿಸುವವರನ್ನು ನಂಬುವುದು ಹೇಗೆ ಎಂದು ತಾವು ಕೇಳಿದ್ದೀರಿ.

ತಾವು ಓದಿದ್ದೂ ನಾವು ಬರೆದದ್ದೂ ಎರಡೂ ಸರಿ. ಮೊದಲು ಹೇಳಿದ ವೇಗ ಗಂಟೆಗೆ ಸುಮಾರು 249 ಕಿಲೋಮೀಟರ್. 2019ರ ಏಪ್ರಿಲ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಅದನ್ನು 257 ಎಂದು ತಿದ್ದಿತು. ಚಂಡಮಾರುತಗಳನ್ನು ಗಾಳಿಯ ವೇಗದ ಮೇಲೆ ಒಂದರಿಂದ ಐದರವರೆಗೆ ವಿಂಗಡಿಸುವ ಸಫೀರ್–ಸಿಂಪ್ಸನ್ ಮಾಪಕದಲ್ಲಿ ಐದನೆಯ ಶ್ರೇಣಿ 252ಕ್ಕೆ ಶುರುವಾಗುತ್ತದೆ. ಎಂಟು ಕಿಲೋಮೀಟರಿನ ಈ ಅಂತರ ಅಂದಾಜಿನ ಸಹಜ ಏರುಪೇರಿನೊಳಗೇ ಇದೆಯೆಂದು ಆ ಕೇಂದ್ರವೇ ಹೇಳಿದೆ.

ಅಂದಾಜು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮಾಪಕಕ್ಕೆ ಬೇಕಾದದ್ದು ನೆಲದಿಂದ ಹತ್ತು ಮೀಟರ್ ಎತ್ತರದ ಗಾಳಿಯ ಒಂದು ನಿಮಿಷದ ಸರಾಸರಿ. ಅತಿ ಜೋರಿನ ಗಾಳಿಯ ಪಟ್ಟಿ ಬಹಳ ಕಿರಿದಾದ್ದರಿಂದ ಸರಿಯಾಗಿ ಅದರ ಕೆಳಗೇ ಮಾಪನ ಯಂತ್ರವಿರುವುದು ಅಪರೂಪ, ಇದ್ದರೂ ಅದು ಕೊನೆಯವರೆಗೆ ನಿಲ್ಲುವ ಭರವಸೆಯಿಲ್ಲ. ಹಾಗಾಗಿ ಸುಮಾರು ಮೂರು ಕಿಲೋಮೀಟರ್ ಎತ್ತರದಲ್ಲಿ ವಿಮಾನ ಅಳೆದ ವೇಗದಿಂದ ಕೆಳಗಿನ ವೇಗವನ್ನು ಲೆಕ್ಕ ಹಾಕುತ್ತಾರೆ. ಕಪ್ಪತಗುಡ್ಡದ ಪವನಯಂತ್ರಗಳನ್ನು ತಾವು ದಿನವೂ ನೋಡುವವರು: ಮೇಲೆ ರೆಕ್ಕೆಗಳು ಭರದಿಂದ ತಿರುಗುವಾಗ ಕೆಳಗಿನ ಹೊಲದಲ್ಲಿ ಕಡಲೆ ಗಿಡದ ತುದಿಯಷ್ಟೇ ಅಲುಗುತ್ತಿರುತ್ತದೆ. ಆ ಎರಡರ ನಡುವಿನ ಪ್ರಮಾಣ ಎಷ್ಟು ಎಂಬುದೇ ಜಗಳದ ಮೂಲ.

1992ರ ‘ಆಂಡ್ರೂ’ ದಡ ಸೇರಿದಾಗ, ಮೇಲಿನ ವೇಗದ ಮುಕ್ಕಾಲು ಪಾಲು ಅಥವಾ ತುಸು ಹೆಚ್ಚು ಕೆಳಗಿರುತ್ತದೆಂದು ಎಣಿಸಿ ನಾಲ್ಕನೆಯ ಶ್ರೇಣಿ ಕೊಟ್ಟಿದ್ದರು. 1997ರಿಂದ ವಿಮಾನದಿಂದ ಚಂಡಮಾರುತದೊಳಕ್ಕೆ ಜಿಪಿಎಸ್ ಅಳವಡಿಸಿದ ಶೋಧಕಗಳನ್ನು ಬಿಡತೊಡಗಿದ ಮೇಲೆ, ಕಣ್ಣಿನ (ಚಂಡಮಾರುತದ ನಡುವಿನ ಶಾಂತ ಭಾಗದ) ಸುತ್ತಲಿನ ಮೋಡದ ಗೋಡೆಯಲ್ಲಿ ಆ ಪ್ರಮಾಣ ಸುಮಾರು 90 ಪ್ರತಿಶತವೆಂದು ತಿಳಿಯಿತು. ಹತ್ತು ವರ್ಷಗಳ ನಂತರ, 2002ರಲ್ಲಿ, ಆಂಡ್ರೂ ಐದನೆಯ ಶ್ರೇಣಿಗೆ ಏರಿತು. ಗೊತ್ತಾದ ಮೇಲೂ ಹಳೆಯ ಅಂಕಿಯನ್ನೇ ಉಳಿಸಿಕೊಂಡಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ.

ಭಯ ಹುಟ್ಟಿಸಲು ಯಾವಾಗಲೂ ಏರಿಸುತ್ತಾರೆಂಬ ತಮ್ಮ ಅನುಮಾನವನ್ನು ಒಪ್ಪಲಾರೆ. 2005ರ ‘ಕತ್ರೀನಾ’ ದಡ ಸೇರಿದಾಗಿನ ಶ್ರೇಣಿಯನ್ನು ಮರುಪರಿಶೀಲನೆಯಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಿದರು. ಆದರೂ ಮಿಸಿಸಿಪ್ಪಿ ಕರಾವಳಿಯಲ್ಲಿ ಸಮುದ್ರ ಎಂಟು ಮೀಟರಿಗೂ ಎತ್ತರಕ್ಕೆ ಉಕ್ಕಿ ಬಂದಿತ್ತು. ಈ ಶ್ರೇಣಿ ಗಾಳಿಯನ್ನಷ್ಟೇ ಅಳೆಯುತ್ತದೆ, ನೀರನ್ನಲ್ಲ ಎಂಬುದನ್ನು ನಾವು ಲೇಖನದಲ್ಲಿ ಬರೆಯಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ನಮ್ಮ ಕೋಷ್ಟಕದಲ್ಲಿದೆ, ತಾವು ಅದನ್ನು ಗಮನಿಸಿದಂತಿಲ್ಲ. 2019ರ ಮೇ 3ರಂದು ಪುರಿಯ ಬಳಿ ದಡ ಸೇರಿದ ‘ಫೋನಿ’ಯ 175–180 ಕಿಲೋಮೀಟರ್ ವೇಗವನ್ನು ಮೈಕಲ್‌ನ ವೇಗದ ಪಕ್ಕದಲ್ಲೇ ಇಟ್ಟು ಹೋಲಿಸಿದ್ದೆವು. ನಮ್ಮ ಹವಾಮಾನ ಇಲಾಖೆಯದು ಮೂರು ನಿಮಿಷದ ಸರಾಸರಿ, ಅಮೆರಿಕದ್ದು ಒಂದು ನಿಮಿಷದ್ದು. ಅವಧಿ ಹೆಚ್ಚಾದಷ್ಟೂ ಸರಾಸರಿ ತಗ್ಗುವುದರಿಂದ ಒಂದೇ ಚಂಡಮಾರುತಕ್ಕೂ ಎರಡು ಅಂಕಿಗಳು ಬರುತ್ತವೆ. ಫೋನಿ ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುವಂತೆ ನಾವೇ ಮಾಡಿದೆವು. ಇದಕ್ಕೆ ಕ್ಷಮೆ ಕೋರುತ್ತೇನೆ. ಸರಾಸರಿಯ ಅವಧಿಯನ್ನು ಪ್ರತಿ ಸಾಲಿನಲ್ಲೂ ಕಾಣಿಸಿದ ತಿದ್ದಿದ ಕೋಷ್ಟಕ ಮುಂದಿನ ಸಂಚಿಕೆಯಲ್ಲಿ ಬರಲಿದೆ.

— ಸಂಪಾದಕ, ಹುಬ್ಬಳ್ಳಿ